ಕೂತವರ ಮತ

ಕೊರಳಪಟ್ಟಿ ಚುಚ್ಚುತ್ತಿದೆ, ಉಣ್ಣೆಯದೇ ಇರಬೇಕು, ಇಳಕಲ್ಲ ಸೀರೆಯ ಮೇಲೆ ಗಂಡಸಿನ ಕರಿ ಕೋಟು, ಬಾಗಲಕೋಟೆಯವರು ನೋಡಿದರೆ ಸಿದ್ದಕ್ಕನಿಗೆ ತಲೆ ಕೆಟ್ಟಿದೆ ಅಂದಾರು, ಅನ್ನಲಿ — ನ್ಯೂರೆಂಬರ್ಗ್‌ನ ಈ ಸಭಾಂಗಣದಲ್ಲಿ ಇವತ್ತು ಅವಳು ಇನ್ನೂರು ವರ್ಷದ ಹಿಂದಿನ ಶಾಸಕ, ಶಾಸಕಿಯಲ್ಲ, ಆಗ ಹೆಂಗಸರಿಗೆ ಶಾಸನಸಭೆಯಲ್ಲಿ ಕುರ್ಚಿಯೇ ಇರಲಿಲ್ಲವಂತೆ, ಇತಿಹಾಸ ಸಂಘದ ಯಾರೋ ಗಂಡಸಿಗೆ ಜ್ವರ ಬಂದು ಅವಳಿಗೊಂದು ಸಿಕ್ಕಿದೆ. ಸಂಘದವರು ಆ ಕಾಲದ ಸಭೆಯ ಒಂದು ಮಾಮೂಲಿ ದಿನವನ್ನು ಆಡುತ್ತಿದ್ದಾರೆ, ಹಾಜರಿ ಕೂಗಿದ್ದಾಯಿತು, ಹಿಂದಿನ ನಡಾವಳಿ ಓದಿದ್ದಾಯಿತು, ಉಣ್ಣೆ ಸುಂಕದ ಮೇಲೆ ಒಬ್ಬ ದಪ್ಪನೆಯವನು ಮಾತಾಡಿದ್ದೇ ಮಾತಾಡಿದ್ದು, ನಮ್ಮ ಮುನಸಿಪಾಲ್ಟಿಯ ಹಾಗೆಯೇ, ಹಿಂದಿನ ಸಾಲಿನಲ್ಲಿ ಒಬ್ಬ ತೂಕಡಿಸುತ್ತಿದ್ದಾನೆ ಕೂಡ — ಅಗೋ ಭೂಮಿಕಾ ಎದ್ದಳು, ಮೊಮ್ಮಗಳು, ಮತವಿಲ್ಲದ ಅರ್ಜಿದಾರಳ ಪಾತ್ರ, ತಾನೇ ಬರೆದ ಮನವಿ, ಶಾಲೆಗೆ ಹೋಗುವ ಮಕ್ಕಳಿಂದ ಸೇತುವೆ ಸುಂಕ ವಸೂಲು ಮಾಡಬಾರದು, ಜರ್ಮನ್ ಮಾತು ನೀರಿನಂತೆ ಹರಿಯುತ್ತಿದೆ, ಹಿಮ್ಮಡಿ ಮಾತ್ರ ನೆಲದ ಮೇಲೆ ಪಟಪಟ, ಪಟಪಟ. ಮಿಕ್ಕಿದ್ದೆಲ್ಲ ನಾಟಕ, ಈ ಮತ ಮಾತ್ರ ನಿಜದ್ದು, ಮನವಿ ಬಿದ್ದರೆ ಬೇಸಿಗೆಯಲ್ಲಿ ಚೌಕದ ಪ್ರದರ್ಶನಕ್ಕೆ ಈ ದೃಶ್ಯವಿಲ್ಲ, ಕೂಸಿಗೆ ಮಾತಿಲ್ಲ. ಯವ್ವಾ, ಬ್ಯಾಡ ಅನ್ನೋರು ಏಳ್ತಾರ, ಬೇಕು ಅನ್ನೋರು ಕುಂತಿರ್ತಾರ, ನೀ ಸುಮ್ನ ಕುಂದ್ರು ಅಷ್ಟ — ಮಗ ಪ್ರವೀಣಕುಮಾರ ಕಾರಿನಲ್ಲಿ ಎಷ್ಟು ಸಲ ಹೇಳಿದ. ಪಕ್ಕದ ಕುರ್ಚಿಯಲ್ಲಿ ಅವನ ಆಫೀಸಿನ ಫಾರೂಖ್, ವಿಜಯಪುರದ ಹುಡುಗ, ಅಮ್ಮಾ, ಕುಂತ್ರ ಓಟು ಬೀಳೋ ಊರು ಇದೊಂದ ನೋಡ್ರಿ, ನಮ್ಮಂಥಾ ಮೈಗಳ್ಳರಿಗೆ ಹೇಳಿ ಮಾಡಿಸಿದ್ದು. ಕೊನೆಗೆ ಭೂಮಿಕಾ ಕೂಡ, ಆಯೀ, ಬಿಟ್ಟೆ, ಅಂದರೆ ಇಲ್ಲಿಯವರ ದಯವಿಟ್ಟು, ಡೋಂಟ್ ಗೆಟ್ ಅಪ್, ಓಕೆ? ಓಕೆ, ಕೂರುವುದಕ್ಕೆ ಏನು ಮಹಾ ವಿದ್ಯೆ ಬೇಕು, ಹಿಮ್ಮಡಿ ಪಟಪಟ — ಅಷ್ಟರಲ್ಲಿ ಅಧ್ಯಕ್ಷರು ಮತಕ್ಕೆ ಹಾಕಲು ಕೋಲೂರಿ ಏಳುತ್ತಾರೆ, ಎಂಬತ್ತು ದಾಟಿದ ಜೀವ, ಬಿಳಿ ಮೀಸೆ, ಥೇಟ್ ಮಾವನವರ ಮೀಸೆ, ಮಾವನವರು ಪಡಸಾಲೆಗೆ ಬಂದರೆ ಬಾಣಂತಿಯೂ ಕೂತಿರುವ ಮನೆಯಲ್ಲ ಅದು, ಸೆರಗು ಎಲ್ಲಿ, ಕೋಟಿನ ಒಳಗೆ ಸಿಕ್ಕಿಕೊಂಡಿದೆ, ಎಳೆದು ತಲೆಯ ಮೇಲೆ ಹಾಕಿಕೊಂಡು — ಅಯ್ಯೋ, ನಿಂತಿದ್ದಾಳೆ. ಅರ್ಧ ಸಭೆ ನಿಂತಿದೆ, ಅವಳೂ ನಿಂತಿದ್ದಾಳೆ. ಹಿಮ್ಮಡಿಯ ಸದ್ದಿಲ್ಲ. ಆಯೀ, ನೈನ್, ನೋ! ಅಮ್ಮಾ ಕುಂದ್ರ್ರಿ, ಕುಂದ್ರ್ರಿ, ಫಾರೂಖ್ ಕೋಟು ಜಗ್ಗುತ್ತಾನೆ, ಹೆಂಗ ಕುಂದ್ರಲೋ, ಹಿರಿಯಾರು ನಿಂತಾರ, ತಿಳಿಯೂದಿಲ್ಲೇನು ನಿನಗ? ಲೆಕ್ಕ ಮಾಡುವವನ ಬೆರಳು ಅವಳವರೆಗೆ ಬಂದು ನಿಂತಿದೆ, ಮೊಣಕಾಲೇ ಬಾಗು, ಬಾಗುತ್ತಿಲ್ಲ, ಬೇಕು ಅಂದರೂ ಬಾಗುತ್ತಿಲ್ಲ. ಅಧ್ಯಕ್ಷರು ಏನೋ ಕೇಳಿದರು, ಪ್ರವೀಣ ಕೂತಲ್ಲಿಂದಲೇ ಕೂಗಿ ಉತ್ತರ ಹೇಳುತ್ತಾನೆ, ಎದ್ದರೆ ಅವನ ಮತವೂ ಹೋಗುತ್ತದಲ್ಲ, ಮಾತಿನ ನಡುವೆ ರೆಸ್ಪೆಕ್ಟ್ ಅನ್ನುವುದೊಂದೇ ಅವಳಿಗೆ ತಿಳಿದದ್ದು, ಮೀಸೆ ಮೊದಲು ಅಲುಗಿತು, ಆಮೇಲೆ ಹೊಟ್ಟೆ, ಮುದುಕ ನಗುತ್ತಿದ್ದಾನೆ, ಅಲ್ಲ, ನಗುತ್ತಿದ್ದಾರೆ, ಕೋಲನ್ನು ಮೇಜಿಗೆ ಒರಗಿಸಿ, ಅವಳ ಕಡೆ ತಲೆ ಬಾಗಿಸಿ, ನಿಧಾನಕ್ಕೆ ಕೂತೇಬಿಟ್ಟರು. ಅವಳೂ ಕೂತಳು, ಕುರ್ಚಿ ಕಿರುಗುಟ್ಟುವಷ್ಟು ಜೋರಾಗಿ, ಸಭೆಯೆಲ್ಲ ಗೊಳ್ಳೆಂದಿತು, ತೂಕಡಿಸುತ್ತಿದ್ದವನೂ ಎಚ್ಚರಾದ, ಬೆರಳು ಮತ್ತೆ ಮೊದಲಿನಿಂದ ಹೊರಟಿತು, ನಿಂತವರು, ನಿಂತವರು, ಕೂತವರು, ಇವಳು, ಏನೋ ಕೂಗಿದರು, ಒಂದ ಓಟು ಅಮ್ಮಾ, ಒಂದ ಓಟಿನಾಗ ಪಾಸಾತು ಅನ್ನುತ್ತಿದ್ದಾನೆ ಫಾರೂಖ್, ಇರಲಿ ತಡಿ, ಅವಳು ನೋಡುತ್ತಿರುವುದು ಕೂಸಿನ ಆ ಹಿಮ್ಮಡಿಯನ್ನು, ಎರಡೂ ಹಿಮ್ಮಡಿ, ನೆಲ ಬಿಟ್ಟು ಮೇಲೆ, ಇನ್ನೂ ಮೇಲೆ