ನೀರು ಕುಡಿಯುವ ಚೌಕ

ಎಲ್ಲಿಂದ ಆರಂಭಿಸಲಿ? ಮಳೆಯಿಂದ ಎಂದರೆ ನೀವು ಆಕಳಿಸುತ್ತೀರಿ. ನದಿಗೊಂದು ನಮಸ್ಕಾರ ಹಾಕಿ ಬಾಯಿ ತೆರೆಯೋಣವೆಂದರೆ, ನಮ್ಮ ನಾಯಕಿ ನದಿಯನ್ನು ಕಣ್ಣಾರೆ ನೋಡಿ ಯಾವ ಕಾಲವಾಯಿತೋ. ಅವಳು ಜಲತಜ್ಞೆ. ಇಡೀ ಕಣಿವೆಯನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಅದರದೇ ಮಣ್ಣು, ಇಳಿಜಾರು, ಮಳೆ ಹಂಚಿ, ನದಿಯಲ್ಲಿ ಎಷ್ಟು ನೀರು ಹರಿದೀತು ಎಂದು ಅಂದಾಜು ಮಾಡುವವಳು. (ಇಷ್ಟು ಸಾಕು. ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ.)

೧. ಮೊದಲ ಕರಡಿನಲ್ಲಿ ಅವಳ ಲೆಕ್ಕ ಸರಿಯಿತ್ತು. ಕಥೆ ಅಲ್ಲೇ ಸತ್ತಿತು. ಹರಿದು ಹಾಕಿದೆ.

೨. ಎರಡನೆಯದರಲ್ಲಿ, ಸೇತುವೆಯ ಬಳಿ ಅಳೆದ ನೀರಿಗಿಂತ ಅವಳ ಲೆಕ್ಕದ ನೀರೇ ಹೆಚ್ಚು. ಏನು ಮಾಡಿದರೂ ತಾಳೆಯಾಗಲೊಲ್ಲದು. ಕೊನೆಗೆ ಒಂದು ಹಳ್ಳದ ಚೌಕವನ್ನು ಹಿಡಿದು, ಎಷ್ಟು ಮಳೆ ಸುರಿದರೂ ಅಲ್ಲಿಯ ಮಣ್ಣು ಕುಡಿದುಬಿಡುವಂತೆ ಕಂಪ್ಯೂಟರಿನಲ್ಲಿ ಮಾಡಿದಳು. ನಕ್ಷೆಯಲ್ಲಿ ಅಳತೆಯ ಗೆರೆಯ ಮೇಲೆ ಲೆಕ್ಕದ ಗೆರೆ ಕೂತಿತು. ಅವಳ ಕಚೇರಿಯ ಸಾಹೇಬರು ಬೆನ್ನು ತಟ್ಟಿದರು.

ಈಗ ಭಾರಿ ಮಳೆಯ ಮುನ್ಸೂಚನೆ. ಆ ಹಳ್ಳದಲ್ಲೇ ಎಷ್ಟು ಬರುತ್ತದೆ ಎಂದು ಸಾಹೇಬರು ಕೇಳಿದ್ದಾರೆ. ಪಾದ ನೆನೆಯುವಷ್ಟು ಎನ್ನುತ್ತಿದೆ ಅವಳ ಕಂಪ್ಯೂಟರ್ ಮಾಡೆಲ್. ಹಳ್ಳದ ದಂಡೆಯಲ್ಲಿ ಅವಳ ಅಕ್ಕನ ಲಾಂಡ್ರಿ.

"ಅಕ್ಕನ್ನೇ ಯಾಕೆ ತಂದು ಅಲ್ಲಿ ಕೂರಿಸಿದ್ರಿ?" ಅವಳು ನನ್ನ ಮೇಲೆ ಹರಿಹಾಯ್ದಳು. "ಬೇರೆ ಯಾರೂ ಸಿಗ್ಲಿಲ್ವಾ?"

"ಬೇರೆಯವರಾಗಿದ್ರೆ ಪರವಾಗಿರ್ಲಿಲ್ವಾ?"

(ನನ್ನ ಈ ಮಾತಿಗೆ ನಾನೇ ಸ್ವಲ್ಪ ಬೀಗಿದೆ. ಕ್ಷಮಿಸಿ.) ಅವಳು ಫೋನ್ ಎತ್ತಿಕೊಂಡಳು.

"ಅಕ್ಕಾ, ಮಷೀನೆಲ್ಲ ಮೇಲಿನ ಬೀದಿಗೆ ಸಾಗಿಸ್ಬಿಡು."

"ಏನೇ ಇದು? ಆಸ್ಪತ್ರೆ ಹೊದಿಕೆಗಳೆಲ್ಲ ನೆನೀತಿವೆ. ಎಷ್ಟು ನೀರು ಬರುತ್ತೆ ಹೇಳು ಮೊದ್ಲು."

"ಗೊತ್ತಿಲ್ಲ."

"ಗೊತ್ತಿಲ್ವಾ! ನಮ್ಮ ಹುಡುಗಿ ನದೀನೇ ಅಳೀತಾಳೆ ಅಂತ ಅಮ್ಮ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ತಿರುಗ್ತಾಳೆ."

"ಆ ಜಾಗದ ಲೆಕ್ಕ ನಾನೇ ಕೆಡಿಸಿದ್ದು ಅಕ್ಕಾ. ಗೆರೆ ಕೂರಲಿ ಅಂತ."

ಆ ಕಡೆ ಮಷೀನು ತಿರುಗುತ್ತಲೇ ಇತ್ತು.

"ಹಾಗಾದ್ರೆ ನಿನ್ನ ಸಾಹೇಬ್ರಿಗೂ ಹೇಳು, ಮಾರಾಯ್ತಿ. ದಂಡೆ ಮೇಲೆ ನಾನೊಬ್ಳೇ ಇಲ್ಲ."

೩. ಕೊನೆಗಳು, ಬೇಕಾದ್ದು ಆರಿಸಿಕೊಳ್ಳಿ. ಸಾಹೇಬರು ದಂಡೆ ಖಾಲಿ ಮಾಡಿಸುತ್ತಾರೆ. ಒಂದು ಹನಿಯೂ ಬೀಳುವುದಿಲ್ಲ. ಊರಿಡೀ ಅವಳನ್ನು ಆಡಿಕೊಳ್ಳುತ್ತದೆ. ಅಥವಾ, "ಗೆರೆ ಚೆನ್ನಾಗಿ ಕೂತಿದೆಯಲ್ಲಮ್ಮಾ, ಬಿಡು" ಎನ್ನುತ್ತಾರೆ ಸಾಹೇಬರು. ಹಳ್ಳ ಬಿಡುವುದಿಲ್ಲ.

ಎರಡನ್ನೂ ಅವಳಿಗೆ ಓದಿ ಹೇಳಿದೆ. "ನಿಮಗೇನು, ಬರೆದು ಅಳಿಸ್ತೀರಿ" ಎಂದು ಎದ್ದು ಹೋಗಿ ಸಾಹೇಬರ ಬಾಗಿಲು ತಟ್ಟಿದಳು.

ಮಳೆ ಬಂತೇ ಎಂದು ಕೇಳಬೇಡಿ. ಬಂದರೆ ಅವಳನ್ನು ಹೊಗಳುತ್ತೀರಿ, ಬಾರದಿದ್ದರೆ ನಗುತ್ತೀರಿ. ತಟ್ಟುವಾಗ ಅವಳಿಗೆ ಗೊತ್ತಿರಲಿಲ್ಲ. ನಿಮಗೆ ಮಾತ್ರ ಯಾಕೆ ಗೊತ್ತಾಗಬೇಕು?