ನಮ್ಮಕಡ್ಲೆ ಎಂಬ ವಿಳಾಸ

ಆ ಕೂಸಿಗೆ ಕಡ್ಲೆ ಅಂತ ಹೆಸರಿಟ್ಟವನು ಅವಳ ಮೈದುನ. ಮೊದಲ ಸ್ಕ್ಯಾನಿಂಗಿನ ಚಿತ್ರವನ್ನು ಮನೆಯವರೆಲ್ಲ ತಲೆಗೆ ತಲೆ ತಾಗಿಸಿ ನೋಡುತ್ತಿದ್ದಾಗ, "ಅತ್ತಿಗೆ, ಇದೇನು ಮಗುವಾ, ಇಲ್ಲ ನೆನೆಹಾಕಿದ ಕಡ್ಲೆಕಾಳಾ?" ಎಂದು ಕೇಳಿ ಅಣ್ಣನ ಕೈಯಿಂದ ತಲೆಗೊಂದು ಮೊಟಕಿಸಿಕೊಂಡಿದ್ದ. ಅಂದಿನಿಂದ ಎಲ್ಲರ ಬಾಯಲ್ಲೂ ಅದೇ ಆಯಿತು. ಕಡ್ಲೆ ಒದ್ದಿತಾ, ಕಡ್ಲೆ ಮಲಗಿತಾ, ಕಡ್ಲೆಗೆ ತಂಪಾದದ್ದೇನಾದರೂ ಬೇಕಂತಾ. ಎಂಟನೇ ತಿಂಗಳಲ್ಲಿ ಒಂದು ದಿನ ಕಡ್ಲೆ ಒದೆಯುವುದನ್ನು ನಿಲ್ಲಿಸಿತು. ಆಸ್ಪತ್ರೆಯಿಂದ ಅವಳು ಬರಿಗೈಯಲ್ಲಿ ಮನೆಗೆ ಬಂದಳು.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು, ಗಿರಾಕಿಯ ಕಿವಿಗೆ ಒತ್ತದಂತೆ ಕಡ್ಡಿ ಬಗ್ಗಿಸುವುದು. ಬಸ್ಸು ಓಡಿಸುವ ಗಂಡ ಬೆಳಗಾಗುವ ಮೊದಲೇ ಹೊರಟುಬಿಡುತ್ತಿದ್ದ. ಮತ್ತೆ ಕೆಲಸಕ್ಕೆ ಹೋಗತೊಡಗಿದಾಗ ಸಿಕ್ಕಿದವರೆಲ್ಲ ಒಂದೇ ಮಾತು ಹೇಳಿದರು: "ಇನ್ನೊಂದು ಆಗತ್ತೆ ಬಿಡು." ಇನ್ನೊಂದು ಆಗಲಿಲ್ಲ, ಆ ಮಾತು ಬೇರೆ. ಆದರೆ ಆಗಿಹೋದ ಒಂದರ ಬಗ್ಗೆ ಮಾತಾಡಲು ಯಾರೂ ಇರಲಿಲ್ಲವಲ್ಲ, ಅದೇ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಕಡ್ಲೆ ಎನ್ನುವ ಪದ ಬಾಯಿಗೆ ಬಂದರೆ ಗಂಡ ಎದ್ದು ಹೊರಗೆ ಹೋಗುತ್ತಿದ್ದ.

ಇದನ್ನು ಗಮನಿಸಿದವನೂ ಮೈದುನನೇ. ಅವನದ್ದು ವೆಬ್‌ಸೈಟ್ ಮಾಡಿಕೊಡುವ ಪುಟ್ಟ ಅಂಗಡಿ, ಒಂದು ಮೇಜು, ಒಂದು ಕಂಪ್ಯೂಟರು. ಯಾವ ಕೆಲಸ ಹೇಳಿದರೂ "ನಾಳೆ" ಅನ್ನುತ್ತಿದ್ದುದರಿಂದ ಮನೆಯಲ್ಲಿ ಅವನಿಗೆ ನಾಳೆಪ್ಪ ಅಂತಲೇ ಹೆಸರು. ಆ ನಾಳೆಪ್ಪ ಅವತ್ತು ಯಾರೂ ಕೇಳದೆಯೇ ಬಂದು, ಅತ್ತಿಗೆಯ ಮುಂದೆ ಲ್ಯಾಪ್‌ಟಾಪ್ ಇಟ್ಟ.

"ನಮ್ಮಕಡ್ಲೆ ಅಂತ ಒಂದು ಪುಟ ಮಾಡಿದೀನಿ ಅತ್ತಿಗೆ. ಅವನ ಬಗ್ಗೆ ಏನು ಬೇಕಾದ್ರೂ ಬರೀರಿ. ಓದೋರು ಓದ್ತಾರೆ, ಬಿಡೋರು ಬಿಡ್ತಾರೆ."

"ಈ ಹೆಸರು ಯಾರಾದ್ರೂ ಕೊಡ್ತಾರಾ, ಸುಮ್ನೆ ಹಾಕ್ಕೊಳ್ಳೋದಾ?"

"ಅದಕ್ಕೆ ಕಂಪನಿಗಳಿವೆ, ರಿಜಿಸ್ಟ್ರಾರ್ ಅಂತಾರೆ. ಅವರ ಹತ್ರ ವರ್ಷಾವರ್ಷ ಬರೆಸ್ಕೊಂಡು ಹೋಗ್ಬೇಕು. ನಾನು ಯಾವಾಗ್ಲೂ ಮಾಡಿಸೋ ಕಂಪನೀಲೇ ಮಾಡಿಸಿದೀನಿ, ಅಗ್ಗ. ಸದ್ಯಕ್ಕೆ ನನ್ನ ಹೆಸರಲ್ಲಿದೆ, ನಾಳೆ ನಿಮ್ಮ ಹೆಸರಿಗೆ ಬದಲಾಯಿಸ್ತೀನಿ."

ಅವಳು ನಾಲ್ಕು ಸಾಲು ಬರೆದಳು. ಕಡ್ಲೆಗೆ ಬಸ್ಸಿನ ಹಾರನ್ ಕೇಳಿದರೆ ಒದೆಯುವ ಚಾಳಿ ಇತ್ತು ಎಂದು ಬರೆದಳು. ಕೆಲವು ವಾರ ಕಳೆದ ಮೇಲೆ ಅದರ ಕೆಳಗೆ ಯಾರೋ ಒಬ್ಬಳು ಬರೆದಿದ್ದಳು: ನನ್ನ ಮಗಳು ನಾನು ಸೀನಿದರೆ ಒದೆಯುತ್ತಿದ್ದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ವರ್ಷಗಳು ಉರುಳಿದಂತೆ ಅದು ಅವಳೊಬ್ಬಳ ಪುಟವಾಗಿ ಉಳಿಯಲಿಲ್ಲ. ಹೆಸರಿಟ್ಟು ಕರೆಯುವ ಮೊದಲೇ ಹೋದ ಮಕ್ಕಳಿಗೆಲ್ಲ ಅಲ್ಲಿ ಒಂದೊಂದು ಹೆಸರಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪ್ರತಿಯೊಬ್ಬರಿಗೂ ಉತ್ತರ ಬರೆಯುತ್ತಿದ್ದಳು. ಆ ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸಮ್ಮ ಈ ವಿಳಾಸವನ್ನು ಚಿಕ್ಕ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಬರಿಗೈಯಲ್ಲಿ ಮನೆಗೆ ಹೋಗುವ ತಾಯಂದಿರ ದಿಂಬಿನ ಪಕ್ಕ ಇಡತೊಡಗಿದಳು.

ಎರಡು ಮಕ್ಕಳನ್ನು ಒಟ್ಟಿಗೇ ಕಳೆದುಕೊಂಡವಳೊಬ್ಬಳಿದ್ದಳು. ತನ್ನ ಹೆಸರು ಹೇಳಿಕೊಂಡವಳಲ್ಲ. ಅವಳಿಜವಳಿ ಅಮ್ಮ ಎಂದಷ್ಟೇ ಬರೆಯುತ್ತಿದ್ದಳು. ವರ್ಷಕ್ಕೊಮ್ಮೆ, ಮಾವಿನ ಕಾಲ ಮುಗಿಯುವ ಹೊತ್ತಿಗೆ ಬಂದು, ಈ ವರ್ಷ ಇಬ್ಬರೂ ಎಷ್ಟೆತ್ತರ ಇರುತ್ತಿದ್ದರು, ಯಾವುದಕ್ಕೆ ಜಗಳವಾಡುತ್ತಿದ್ದರು ಎಂದು ಬರೆದು ಹೋಗುತ್ತಿದ್ದಳು. ಅವಳ ಮಾತಿಗೆ ಮಾತ್ರ "ಓದಿದೆ ತಂಗಿ" ಎಂದಷ್ಟೇ ಬರೆಯುತ್ತಿದ್ದಳು ಇವಳು.

ಮೈದುನ ಹೋಗಿದ್ದು ಹೇಳದೆ ಕೇಳದೆ. ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಮನೆಯೇ ಬುಡಮೇಲಾದಂತಾಯಿತು. ಗಂಡ ತಮ್ಮನ ಚಪ್ಪಲಿಯನ್ನು ಬಾಗಿಲ ಬಳಿಯಿಂದ ತೆಗೆಯಲು ಬಿಡಲಿಲ್ಲ. ಮೈದುನನ ಹೆಂಡತಿ, ಅವಳ ಓರಗಿತ್ತಿ, ಅಂಗಡಿಗೆ ಬೀಗ ಹಾಕಿ, ಕಂಪ್ಯೂಟರನ್ನು ಮನೆಗೆ ತಂದು ಮೇಲೊಂದು ಬಟ್ಟೆ ಹೊದಿಸಿಟ್ಟಳು. ನವೀಕರಣ, ಅವಧಿ, ರಿಜಿಸ್ಟ್ರಾರು, ಇವೆಲ್ಲ ಆಗ ಯಾರ ತಲೆಯಲ್ಲೂ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ಪುಟ ತೆರೆದರೆ ಕಡ್ಲೆ ಇರಲಿಲ್ಲ. ಬಿಳಿ ಪರದೆಯ ಮೇಲೆ ಒಂದೇ ಸಾಲು: ಈ ಹೆಸರಿನ ಅವಧಿ ಮುಗಿದಿದೆ. ಅದರ ಸುತ್ತ ಸೋಫಾ, ಸಾಲ, ತೂಕ ಇಳಿಸುವ ಪುಡಿಯ ಜಾಹೀರಾತು. ಮುಚ್ಚಿ ತೆರೆದಳು, ಮತ್ತೆ ಮುಚ್ಚಿ ತೆರೆದಳು.

ಅಷ್ಟರಲ್ಲಿ ಚೌಕಟ್ಟು ಸಡಿಲವಾಗಿದೆಯೆಂದು ಒಬ್ಬ ಮೇಡಮ್ಮು ಬಂದಿದ್ದರು. ಕಾಲೇಜೊಂದರಲ್ಲಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವವರು, ಹಳೆಯ ಗಿರಾಕಿ. ಇವಳು ಒಂದೇ ಪುಟ ಮತ್ತೆ ಮತ್ತೆ ತೆರೆಯುವುದನ್ನು ಕಂಡು ಕೇಳಿದರು, ಕೇಳಿಸಿಕೊಂಡರು, ಇವಳ ಫೋನು ಇಸಿದುಕೊಂಡು ನೋಡಿದರು.

"ನೋಡಿ, ಈ ಹೆಸರು ಯಾರಿಗೂ ಸ್ವಂತ ಅಲ್ಲ, ಬಾಡಿಗೆ ಮನೆ ಇದ್ದ ಹಾಗೆ. ಅವಧಿ ಮುಗಿದ ತಕ್ಷಣ ಹೊರಗೆ ಹಾಕಲ್ಲ, ಸ್ವಲ್ಪ ಕಾಲ ಬಿಡ್ತಾರೆ. ಅಷ್ಟರೊಳಗೆ ಯಾರ ಹೆಸರಲ್ಲಿದೆಯೋ ಅವರು ಕೇಳಿದ್ರೆ ವಾಪಸ್ ಸಿಗತ್ತೆ. ಯಾರ ಹೆಸರಲ್ಲಿದೆ?"

"ನನ್ನ ಮೈದುನನ ಹೆಸರಲ್ಲಿ."

"ಅವರಿಗೆ ಈಗಲೇ ಫೋನ್ ಮಾಡಿ."

ಅವಳು ಇಲ್ಲವೆಂದು ತಲೆಯಾಡಿಸಿದಳು. ಮೇಡಮ್ಮಿಗೆ ಅರ್ಥವಾಯಿತು. ಕನ್ನಡಕವನ್ನು ಅಲ್ಲೇ ಮರೆತು ಇನ್ನೊಂದು ಸ್ಟೂಲು ಎಳೆದುಕೊಂಡು ಕೂತರು.

ಆ ಕಂಪನಿಗೆ ಫೋನ್ ನಂಬರೇ ಇರಲಿಲ್ಲ. ನಗುಮುಖದ ಹುಡುಗಿಯ ಚಿತ್ರದ ಪಕ್ಕ ಒಂದು ಪೆಟ್ಟಿಗೆ, ಅದರಲ್ಲಿ ಬರೆದರೆ ಥಟ್ಟನೆ ಉತ್ತರ ಬರುತ್ತಿತ್ತು. ಅವಳು ಒಂದೊಂದೇ ಅಕ್ಷರ ಒತ್ತಿ ಬರೆದಳು: ಖಾತೆದಾರರು ತೀರಿಹೋಗಿದ್ದಾರೆ. ಉತ್ತರ ಬಂತು: ಮಾಹಿತಿಗೆ ಧನ್ಯವಾದ. ಖಾತೆದಾರರು ತಮ್ಮ ಈಮೇಲಿನಿಂದಲೇ ನಮಗೆ ಬರೆಯುವಂತೆ ದಯವಿಟ್ಟು ತಿಳಿಸಿ.

ಆ ಸಂಜೆಯೇ ಅವಳು ಓರಗಿತ್ತಿಯ ಮನೆಗೆ ಹೋದಳು. ಬಟ್ಟೆ ಸರಿಸಿ ಕಂಪ್ಯೂಟರು ಹಚ್ಚಿದರು. ತಾಯಂದಿರು ಬರೆದದ್ದರ ಪ್ರತಿಯೆಲ್ಲ ಅದರಲ್ಲಿ ಭದ್ರವಾಗಿತ್ತು. ಆ ವಿಷಯದಲ್ಲಿ ನಾಳೆಪ್ಪ ನಾಳೆ ಅಂದಿರಲಿಲ್ಲ. ಆದರೆ ಬೇಕಾಗಿದ್ದುದು ಅವನ ಈಮೇಲು. ಅದು ತೆರೆಯಲೇ ಇಲ್ಲ. ಅವನ ಈಮೇಲ್ ಇದ್ದದ್ದು ಅವನ ಅಂಗಡಿಯ ವೆಬ್‌ಸೈಟಿನ ಹೆಸರಿನಲ್ಲಿ. ಆ ಹೆಸರೂ ಅದೇ ಕಂಪನಿಯದು, ಅದರ ಅವಧಿಯೂ ಮುಗಿದಿತ್ತು. ಕಂಪನಿ ಕಳಿಸಿದ ಎಚ್ಚರಿಕೆಗಳೆಲ್ಲ ಬಾಗಿಲಿಲ್ಲದ ಮನೆಗೆ ಹೋಗಿ ಬಿದ್ದಿದ್ದವು. ಬೀಗದ ಕೈಯನ್ನು ಒಳಗೇ ಬಿಟ್ಟು ಹೊರಗಿನಿಂದ ಬಾಗಿಲು ಹಾಕಿದಂತೆ.

ಅವಳ ತಾಳ್ಮೆ ಅಲ್ಲಿ ತಪ್ಪಿತು. "ಎಲ್ಲದಕ್ಕೂ ನಾಳೆ, ನಾಳೆ! ಒಂದು ಹೆಸರು ಬದಲಾಯಿಸೋಕೆ ಎಷ್ಟು ಹೊತ್ತು ಬೇಕಿತ್ತು? ಅಗ್ಗ ಅಂತ ಎಂಥಾ ಕಂಪನಿ ಹಿಡಿದ ಪುಣ್ಯಾತ್ಮ!"

ಓರಗಿತ್ತಿ ಕೀಲಿಮಣೆಯಿಂದ ಕೈ ತೆಗೆದಳು. ಅವಳ ದನಿ ಏರಲಿಲ್ಲ. "ಅಕ್ಕಾ, ನಾಳೆ ಬರಲ್ಲ ಅಂತ ಅವರಿಗೇನು ಗೊತ್ತಿತ್ತು?"

ಇವಳು ನಾಲಿಗೆ ಕಚ್ಚಿಕೊಂಡಳು. ಆಡಿದ ಮಾತು ನುಂಗುವ ಹಾಗಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಓರಗಿತ್ತಿಯ ಆ ಮುಖವೇ ಕಣ್ಣೆದುರು. ಬಂದವಳನ್ನು ನೋಡಿ ಗಂಡ ತಟ್ಟೆ ಬದಿಗೆ ಸರಿಸಿದ.

"ಬಿಟ್ಬಿಡೇ," ಎಂದ. "ಹೋದ ಕೂಸನ್ನ ಎಷ್ಟು ಸಲ ಅಂತ ಕಳಕೊಳ್ಳೋದು?"

ಅವಳು ಬಿಡಲಿಲ್ಲ. ಮೈದುನನ ಮರಣ ಪ್ರಮಾಣಪತ್ರ ಕಳಿಸಿದಳು. ಪರಿಶೀಲನೆಯಲ್ಲಿದೆ ಎಂದರು. ಓರಗಿತ್ತಿಯ ಗುರುತಿನ ಚೀಟಿ, ಮದುವೆಯ ದಾಖಲೆ, ಅಂಗಡಿಯ ಪರವಾನಗಿ, ಕೇಳಿದ್ದೆಲ್ಲ ಹೋಯಿತು. ಮೇಡಮ್ಮು ತಾವೂ ಕಾಗದ ಬರೆದರು, ರಿಜಿಸ್ಟ್ರಾರುಗಳ ಮೇಲ್ವಿಚಾರಣೆ ನೋಡುವವರಿಗೂ ದೂರು ಕೊಟ್ಟರು. ಅಲ್ಲಿಂದಲೂ ಸಭ್ಯವಾದ ಉತ್ತರ: ಮೊದಲು ಕಂಪನಿಯವರ ನಿರ್ಧಾರ ಬರಲಿ. ಗೋಡೆಗೆ ಹೇಳಿದ್ದರೆ ಒಂದು ಬಿರುಕಾದರೂ ಬಿಡುತ್ತಿತ್ತೇನೋ. ಪರಿಶೀಲನೆ ನಡೆಯುತ್ತಲೇ ಇತ್ತು, ಅದರ ನಡುವೆಯೇ ಕಂಪನಿ ಆ ಹೆಸರನ್ನು ಹರಾಜು ಹಾಕಿತು.

ಅವಳಿಗೆ ಅದನ್ನು ತಿಳಿಸಿದ್ದು ಕಂಪನಿಯಲ್ಲ, ನರ್ಸಮ್ಮ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಫೋನು ಬಂತು. "ಸ್ವಲ್ಪ ಬಂದು ಹೋಗ್ತೀಯಾ?" ಎಂದಳು, ಅಷ್ಟೇ.

ವಾರ್ಡಿನ ಕೊನೆಯ ಕಿಟಕಿಯ ಬಳಿ ನಿಂತು ನರ್ಸಮ್ಮ ತನ್ನ ಫೋನಿನಲ್ಲಿ ನಮ್ಮಕಡ್ಲೆ ತೆರೆದು ತೋರಿಸಿದಳು. ಬಣ್ಣಬಣ್ಣದ ಚಕ್ರವೊಂದು ಗಿರಗಿರ ತಿರುಗುತ್ತಿತ್ತು, ನಾಣ್ಯಗಳು ಸುರಿಯುತ್ತಿದ್ದವು. ನಿಮ್ಮ ಅದೃಷ್ಟ ಪರೀಕ್ಷಿಸಿ, ಎಂದು ಮಿನುಗುತ್ತಿತ್ತು. ಜೂಜಿನವರು ಹೆಸರು ಕೊಂಡಿದ್ದರು. ಇಷ್ಟು ವರ್ಷ ಜನ ಹುಡುಕಿಕೊಂಡು ಬರುತ್ತಿದ್ದ ವಿಳಾಸವಲ್ಲವೇ, ಅವರಿಗೆ ಅದೇ ಬಂಡವಾಳ.

"ಕಾರ್ಡು?" ಎಂದಳು ಇವಳು.

"ಉಳಿದದ್ದೆಲ್ಲ ತೆಗೆದಿಟ್ಟಿದೀನಿ." ನರ್ಸಮ್ಮ ಕಿಟಕಿಯ ಆಚೆ ನೋಡುತ್ತ ಹೇಳಿದಳು. "ಪುಟ ವಾಪಸ್ ಬಂದಿರಬೇಕು ಅನ್ಕೊಂಡು ನಿನ್ನೆ ಒಬ್ಬಳಿಗೆ ಕೊಟ್ಟುಬಿಟ್ಟಿದ್ದೆ ಕಣಮ್ಮ. ತೀರಾ ಚಿಕ್ಕ ವಯಸ್ಸು. ಮಲಗಿದಲ್ಲೇ ಫೋನ್ ತೆಗೆದು ನೋಡಿದಾಳೆ. ನಾನು ಗ್ಲೂಕೋಸ್ ಬದಲಾಯಿಸೋಕೆ ಹೋದ್ರೆ, 'ಇದೇನು ಸಿಸ್ಟರ್, ತಮಾಷೆ ಮಾಡ್ತೀರಾ ನನ್ನ ಹತ್ರ?' ಅಂದಳು. ಅತ್ತಿದ್ರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಕಾರ್ಡನ್ನ ಮಡಚಿ ನನ್ನ ಕೈಗೇ ಕೊಟ್ಟಳು."

"ಎಲ್ಲಿದಾಳೆ ಈಗ? ನಾನೇ ಹೋಗಿ ಮಾತಾಡ್ತೀನಿ."

"ಬೆಳಿಗ್ಗೆನೇ ಡಿಸ್ಚಾರ್ಜ್ ಆಯ್ತು. ವಿಳಾಸ ಕೊಡೋ ಹಾಗಿಲ್ಲ, ನಿಂಗೂ ಗೊತ್ತು."

ಅವಳು ಆ ಖಾಲಿ ಹಾಸಿಗೆಯ ಹತ್ತಿರ ಹೋಗಿ ನಿಂತಳು. ಆಯಾ ಆಗಲೇ ಹೊಸ ಹೊದಿಕೆ ಹಾಸಿದ್ದಳು. ದಿಂಬಿನ ಮೇಲೊಂದು ಸುಕ್ಕೂ ಇರಲಿಲ್ಲ. ಅವಳು ಮಂಚದ ಕಬ್ಬಿಣದ ಸರಳು ಹಿಡಿದುಕೊಂಡಳು. ಕಡ್ಲೆ ಹೋದಾಗ ಅವಳು ಅತ್ತಿದ್ದು ತನಗಾಗಿ. ಈಗ ಅತ್ತಿದ್ದು ಮುಖ ನೋಡದ ಆ ಹುಡುಗಿಗಾಗಿ.

ಹಿಂತಿರುಗುವಾಗ ನೇರ ಓರಗಿತ್ತಿಯ ಮನೆಗೆ ಹೋದಳು. ಬಾಗಿಲಲ್ಲೇ, "ಅವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದಳು. ಓರಗಿತ್ತಿ ಒಳಗೆ ಕರೆದು, ಕಂಪ್ಯೂಟರಿನ ಎದುರು ಇನ್ನೊಂದು ಕುರ್ಚಿ ಹಾಕಿದಳು.

ಹೊಸ ಹೆಸರು ಬೇಕಾಗಿತ್ತು, ಅದಕ್ಕಿಂತ ಮೊದಲು ನಂಬುವಂಥ ಕಂಪನಿ. ಮೇಡಮ್ಮು ಎಚ್ಚರಿಸಿದ್ದರು: ಬೇಕಾದ ಹೆಸರನ್ನು ಸಿಕ್ಕಸಿಕ್ಕ ಕಡೆ ಹುಡುಕಿ ನೋಡಬೇಡಿ, ಗಮನಿಸಿದವರು ಮೊದಲೇ ಕೊಂಡುಬಿಡಬಹುದು, ಮೊದಲ ವರ್ಷದ ಅಗ್ಗದ ಬೆಲೆಗೆ ಮರುಳಾಗಬೇಡಿ, ಖಾತೆ ನಿಮ್ಮದೇ ಹೆಸರಲ್ಲಿರಲಿ, ಬೇಡವೆಂದಾಗ ಬೇರೆ ಕಂಪನಿಗೆ ಒಯ್ಯಲು ಬಿಡುತ್ತಾರೋ ಇಲ್ಲವೋ ಕೇಳಿ. ಅವಳು ಅದನ್ನೆಲ್ಲ ಕೇಳಿದಳು. ಜೊತೆಗೆ ತನ್ನದೂ ಒಂದು ಪ್ರಶ್ನೆ ಇತ್ತು.

ಮೊದಲನೆಯ ಕಂಪನಿಗೆ ಫೋನ್ ಹಚ್ಚಿ ಕೇಳಿದಳು, "ನಾನು ಸತ್ತರೆ ನನ್ನ ಹೆಸರು ಏನಾಗತ್ತೆ?" ಆ ಕಡೆಯವನು ನಕ್ಕುಬಿಟ್ಟ. "ಅಯ್ಯೋ, ಯಾಕೆ ಮೇಡಂ ಅಂಥಾ ಮಾತು, ನೂರು ವರ್ಷ ಬಾಳ್ತೀರಿ. ಹತ್ತು ವರ್ಷದ್ದು ಒಟ್ಟಿಗೇ ತಗೊಂಡ್ರೆ ರಿಯಾಯಿತಿ ಇದೆ." ಇಟ್ಟುಬಿಟ್ಟಳು. ಎರಡನೆಯವರು ಹಾಡು ಕೇಳಿಸುತ್ತ ಕಾಯಿಸಿದರು. ಹಾಡು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಮೂರನೆಯ ಕಡೆ ಎತ್ತಿದವಳು ವಯಸ್ಸಾದ ಹೆಂಗಸಿರಬೇಕು, ದನಿ ಸ್ವಲ್ಪ ಗೊಗ್ಗರು.

"ಯಾರಾದ್ರೂ ಹೋಗಿದಾರಾ ನಿಮ್ಮನೇಲಿ?" ಎಂದಳು.

"ಹೂಂ."

"ಹಾಗಾದ್ರೆ ಸರಿಯಾಗಿ ಹೇಳ್ತೀನಿ, ಕೇಳಿ. ನಿಮ್ಮ ಜೊತೆ ಇನ್ನೊಬ್ಬರ ಹೆಸರು, ಫೋನು ಬರೆಸಿ. ಈಮೇಲು ಈ ಹೆಸರಿನದ್ದೇ ಕೊಡಬೇಡಿ, ಬೇರೆ ಕಡೆಯದು ಕೊಡಿ. ನೀವು ಉತ್ತರ ಕೊಡದೇ ಹೋದ್ರೆ ಅವರಿಗೆ ಫೋನ್ ಮಾಡ್ತೀವಿ. ಅವರು ಕಾಗದ ತಂದ್ರೆ, ಅದು ಇತ್ಯರ್ಥ ಆಗೋವರೆಗೂ ಹೆಸರನ್ನ ಯಾರಿಗೂ ಕೊಡಲ್ಲ. ನಮ್ಮಲ್ಲಿ ತಪ್ಪೇ ಆಗಲ್ಲ ಅಂತ ಹೇಳಲ್ಲ. ಆದ್ರೆ ಫೋನ್ ಎತ್ತುತೀವಿ."

ಅವಳು ಓರಗಿತ್ತಿಯ ಕಡೆ ನೋಡಿದಳು. ಓರಗಿತ್ತಿ ತಲೆಯಾಡಿಸಿದಳು. ಇಬ್ಬರ ಹೆಸರೂ ಬರೆಸಿದರು. ಹೊಸ ವಿಳಾಸಕ್ಕೆ ಕಡ್ಲೆಮನೆ ಎಂದಿಟ್ಟರು. ಹಳೆಯ ಬರಹಗಳನ್ನೆಲ್ಲ ಇಬ್ಬರೂ ಕೂತು ಒಂದೊಂದಾಗಿ ಏರಿಸಿದರು. ಓರಗಿತ್ತಿ ಅವನ್ನು ಹಿಂದೆಂದೂ ಓದಿರಲಿಲ್ಲ. ಓದುತ್ತ ಓದುತ್ತ, "ಇವರು ನಂಗೆ ಹೇಳಲೇ ಇಲ್ಲ, ಇಂಥಾ ಕೆಲಸ ಮಾಡಿದೀನಿ ಅಂತ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ನರ್ಸಮ್ಮ ಹೊಸ ಕಾರ್ಡು ಮಾಡಿಸಿದಳು. ಫೋನ್ ನಂಬರು ಕೊಟ್ಟಿದ್ದ ತಾಯಂದಿರಿಗೆ ಹೇಳಿ ಕಳಿಸಿದ್ದಾಯಿತು. ಒಬ್ಬೊಬ್ಬರಾಗಿ ಕೆಲವರು ಬಂದರು. ಹೆಚ್ಚಿನವರು ಬರಲಿಲ್ಲ; ಹೆಸರು ಹೇಳದೆ ಬಂದು ಅತ್ತು ಹೋಗುತ್ತಿದ್ದವರನ್ನು ಎಲ್ಲಿಂದ ಹುಡುಕುವುದು? ಆಸ್ಪತ್ರೆಯ ಆ ಹುಡುಗಿಯ ಸುದ್ದಿಯೂ ಬರಲಿಲ್ಲ. ಮಾವಿನ ಕಾಲ ಬಂತು, ಹೋಯಿತು. ಅವಳಿಜವಳಿ ಅಮ್ಮ ಬರೆಯಲಿಲ್ಲ. ಮಕ್ಕಳು ಈ ವರ್ಷ ಎಷ್ಟೆತ್ತರ ಇರುತ್ತಿದ್ದರೋ ಯಾರಿಗೂ ತಿಳಿಯಲಿಲ್ಲ.

ರಜೆಯ ದಿನ ಗಂಡ ಕೋಣೆಗೆ ಬಂದಾಗ ಅವಳು ಹಳೆಯ ವಿಳಾಸವನ್ನೇ ತೆರೆದುಕೊಂಡು ಕೂತಿದ್ದಳು. ಚಕ್ರ ತಿರುಗುತ್ತಿತ್ತು.

"ಇನ್ನೂ ಯಾಕೆ ನೋಡ್ತೀಯೇ ಅದನ್ನ?"

"ಬಂದವರು ಮೊದಲು ಇಲ್ಲಿಗೇ ಅಲ್ವಾ ರೀ ಬರೋದು," ಎಂದಳು. "ಇಲ್ಲಿ ನಿಂತು ವಾಪಸ್ ಹೋಗ್ತಾರೆ. ಒಂದು ಮಾತು ಹೇಳೋಣ ಅಂದ್ರೂ ಆಗಲ್ಲ."

ಅವನು ಈ ಸಲ ಹೊರಗೆ ಹೋಗಲಿಲ್ಲ. ಪಕ್ಕದಲ್ಲಿ ಕೂತು, ಅವಳ ಕೈಯಿಂದ ಫೋನು ತೆಗೆದುಕೊಂಡು, ಆ ಚಕ್ರವನ್ನು ಅವಳೊಂದಿಗೆ ನೋಡಿದ.