ಬೆಳ್ಳಿಯಮ್ಮನ ಕೋಣೆಗೆ ಒಂದು ಜನ್ನಲು

೧

ಎಲ್ಲಿಂದ ಶುರು ಮಾಡುವುದೋ ತಿಳಿಯುತ್ತಿಲ್ಲ. ನಗರಸಭೆಯ ಮೀಟಿಂಗಿನಿಂದ ಶುರು ಮಾಡಿ ನೋಡಿದೆ: ‘ಮೂವತ್ತಾರನೆಯ ಇಸವಿಯಲ್ಲಿ, ಊರಿನ ಬಾಡಿಗೆ ಮನೆಗಳನ್ನೆಲ್ಲ ತಪಾಸಣೆ ಮಾಡಿ, ವಾಸಕ್ಕೆ ಯೋಗ್ಯವಾದವಕ್ಕೆ ಮಾತ್ರ ಲೈಸೆನ್ಸ್ ಕೊಡುವ ವಿಚಾರವಾಗಿ ಮಾನ್ಯ ಸದಸ್ಯರು...’ ಅಷ್ಟರಲ್ಲೇ ನನಗೆ ಆಕಳಿಕೆ ಬಂತು. ನಿಮಗೂ ಬಂದಿರಬೇಕು. ಹರಿದು ಹಾಕಿದೆ.

ಮಿಲ್ಲಿನ ಸಂಗು, ಅಂದರೆ ಸೈರನ್ನು, ಊದಿಸಿ ಶುರು ಮಾಡೋಣವೆಂದರೆ, ಮಿಲ್ಲಿರುವ ಊರಿನ ಕಥೆಗಳೆಲ್ಲ ಹಾಗೇ ಶುರುವಾಗುತ್ತವೆ. ಅದೂ ಬೇಡ. ಪೆನ್ನಿಗೆ ಮುಚ್ಚಳ ಹಾಕಿ ಮಲಗಿಬಿಡೋಣ ಅಂದುಕೊಳ್ಳುತ್ತಿದ್ದೆ. ಆಗ ಬೆಳ್ಳಿಯಮ್ಮ ಕೆಮ್ಮಿದಳು.

“ಅಪ್ಪಾ ಕತೆಗಾರಾ, ನೀ ಶುರು ಮಾಡೋ ಅಷ್ಟ್ರಲ್ಲಿ ನನ್ ಮಗಳ್ಗೆ ಹೆರಿಗೆ ಆಗೋಗ್ತದೆ. ಮೊದ್ಲು ಜನ್ನಲು ಬರಿ.”

(ಜನ್ನಲು ಅಂದರೆ ಕಿಟಕಿ. ಆ ಕಡೆಯ ಕನ್ನಡದವರ ಬಾಯಲ್ಲಿ ಹಾಗೇ.)

೨

ಊರಿನ ಹೆಸರು ಹೇಳುವುದಿಲ್ಲ. ಕೊಯಮತ್ತೂರಿಗೂ ಪಲ್ಲಡಕ್ಕೂ ನಡುವೆ ಎಲ್ಲೋ ಇಟ್ಟುಕೊಳ್ಳಿ. ಹೇಳಿದರೆ ನಾಳೆ ಯಾರಾದರೂ ಹಳೆಯ ಫೈಲು ತೆಗೆದು, ಇಂಥ ಲೈಸೆನ್ಸಿನ ಮಾತೇ ಇಲ್ಲಿ ಬಂದಿರಲಿಲ್ಲ ಅನ್ನುತ್ತಾರೆ. ಬಂದಿರಲಿಲ್ಲ ಸ್ವಾಮಿ, ನಾನೇ ತಂದದ್ದು.

ನಂಜುಂಡನ್ ಎಂಬ ನೇಕಾರರವನ ವಳವು ಅದು: ನಡುವೆ ಅಂಗಳ, ಸುತ್ತ ಬಾಡಿಗೆ ಕೋಣೆಗಳು. ಒಂದರಲ್ಲಿ ಬೆಳ್ಳಿಯಮ್ಮ, ಮಿಲ್ಲಿಗೆ ಹೋಗುವ ಗಂಡ ಮಾರಪ್ಪನ್, ಅತ್ತೆ, ಇಬ್ಬರು ಗಂಡುಮಕ್ಕಳು. ಬೆಳ್ಳಿಯಮ್ಮ ಹಗಲೆಲ್ಲ ರಾಟೆಯ ಮುಂದೆ ಕೂತು ಮಗ್ಗದವರಿಗೆ ನೂಲು ಸುತ್ತುತ್ತಾಳೆ. ಕೋಣೆಗೆ ಒಂದೇ ಬಾಗಿಲು, ಅದೂ ಅಂಗಳಕ್ಕೆ. ಒಲೆ ಒಳಗೇ. ಹಿಂಗೋಡೆಯ ಆಚೆ ಬರೀ ಬಯಲು. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಪಾಲ್ಘಾಟಿನ ಕಡೆಯಿಂದ ಅಷ್ಟು ದೂರ ಓಡಿ ಬಂದು, ಆ ಗೋಡೆಗೆ ಬಡಿದು, ಒಳಗೆ ಬರಲಾಗದೆ ಪಕ್ಕಕ್ಕೆ ಹೋಗುತ್ತಿತ್ತು.

ಮಗಳು ಚಂದ್ರಾಳನ್ನು ಪಲ್ಲಡಕ್ಕೆ ಕೊಟ್ಟಿದೆ. ಚೊಚ್ಚಲ ಬಸುರಿ. ಮೊದಲ ಹೆರಿಗೆ ತಾಯಿಮನೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಗಿತ್ತಿ ಒಂದು ಸಲ ಈ ಕೋಣೆಗೆ ಬಂದು ಹೋದವಳು ಖಂಡಿತವಾಗಿ ಹೇಳಿಬಿಟ್ಟಿದ್ದಳು: “ಗಾಳಿ ಇಲ್ಲದ ಗೂಡಿಗೆ ನಮ್ ಸೊಸೇನ ಕಳ್ಸಲ್ಲ.”

ಬೆಳ್ಳಿಯಮ್ಮನಿಗೆ ಸಿಟ್ಟು ಬರಲಿಲ್ಲ. ಬೀಗಿತ್ತಿ ಹೇಳಿದ್ದು ನಿಜವೆಂದು ಅವಳಿಗೇ ಗೊತ್ತಿತ್ತು. ಅಂಗಳದ ತುಂಬ ಗಂಡಸರು. ಹೆರಿಗೆಗೆ ಬಾಗಿಲು ಮುಚ್ಚಲೇಬೇಕು. ಒಳಗೆ ನೀರು ಕಾಯಲೇಬೇಕು. ಅವಳ ಮೂರನೆಯ ಮಗ ಹಾಗೆ ಮುಚ್ಚಿದ ಬಾಗಿಲ ಹಿಂದೆ, ಹೊಗೆಯಲ್ಲಿ ಹುಟ್ಟಿದ. ಹುಟ್ಟಿದ, ಅಳಲಿಲ್ಲ.

(ಇದನ್ನು ಮೊದಲೇ ಹೇಳಬೇಕಿತ್ತು. ನನ್ನ ಕೈಲಾಗಲಿಲ್ಲ.)

೩

ಹರಿದದ್ದು. ಅದರಲ್ಲಿ ನಗರಸಭೆಯ ಭಾಷಣಗಳಿದ್ದವು. ನಿಮ್ಮ ಪುಣ್ಯ.

೪

“ನಂಜುಂಡಣ್ಣಾ, ಒಂದ್ ಜನ್ನಲು ಇಟ್ಕೊಡಿ. ಕೈಯಗಲ ಆದ್ರೂ ಸಾಕು.”

“ನಾ ಬೇಡ ಅಂದೆನಾ ಬೆಳ್ಳೀ? ಮುನಿಸಿಪಾಲ್ಟಿಯೋರು ಲೈಸೆನ್ಸ್ ತರ್ತಾರಂತೆ. ಇಷ್ಟುದ್ದ ಇಷ್ಟಗಲ ಅಂತ ಅವ್ರೇ ಹೇಳ್ತಾರೆ. ಈಗ ನಾ ಒಂದ್ ತರ ಒಡ್ದು, ಅವ್ರು ಇನ್ನೊಂದ್ ತರ ಅಂದ್ರೆ, ತಿರ್ಗಿ ಒಡೀಬೇಕಾ? ರೂಲ್ಸು ಬರ್ಲಿ, ಇರು.”

ಕೆಟ್ಟವನಲ್ಲ ನಂಜುಂಡನ್. ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಲೈಸೆನ್ಸಿನ ಸುದ್ದಿ ಬಂದಂದಿನಿಂದ ವಳವಿನಲ್ಲಿ ಒಡೆದ ಹೆಂಚು ಕೂಡ ಹಾಗೇ ಇತ್ತು. ಎಲ್ಲಕ್ಕೂ ಒಂದೇ ಉತ್ತರ, ರೂಲ್ಸು ಬರಲಿ. ನಗರಸಭೆಯಲ್ಲಿ ಕೇಳಿದರೆ ವಿಷಯ ಪರಿಶೀಲನೆಯಲ್ಲಿದೆ.

ಬೆಳ್ಳಿಯಮ್ಮ ನನ್ನ ಕಡೆ ತಿರುಗಿದಳು. “ನೀನೇ ಬರ್ದುಬಿಡಪ್ಪ. ನಿಂಗೇನ್ ಖರ್ಚು?”

ಸರಿ, ಬರೆದೆ. ‘ಹಿಂಗೋಡೆಯಲ್ಲಿ ತೇಗದ ಚೌಕಟ್ಟಿನ ಕಿಟಕಿಯೊಂದಿತ್ತು.’ ಅವಳು ಎದ್ದು ಹೋಗಿ ಗೋಡೆ ತಡವಿದಳು. ಮಣ್ಣು.

“ಅದು ನಿನ್ ಕಾಗ್ದದಲ್ಲೈತೆ,” ಎಂದಳು. “ನಂಗೆ ಓದಕ್ಕೆ ಬರಲ್ಲ.”

ವಾಕ್ಯ ಹೊಡೆದು ಹಾಕಿದೆ. ಇದಾದ ಮೇಲೆ ಎರಡು ದಿನ ಪೆನ್ನು ಮುಟ್ಟಲಿಲ್ಲ.

೫

ಅಂತೂ ನಗರಸಭೆಯ ಕಮಿಟಿಯವರು ಖುದ್ದಾಗಿ ಬಂದು ನೋಡುತ್ತಾರೆ ಎಂದಾಯಿತು. ನಂಜುಂಡನ್ ಅಂಗಳದಲ್ಲಿ ನಿಂತು ಹೇಳಿದ್ದು ಒಂದೇ ಮಾತು: “ನಾಳೆ ಇನ್ಸ್‌ಪೆಕ್ಷನ್ ಅಂತೆ.”

ಪ್ಲೇಗಿನ ಕಾಲ ಕಂಡ ಜನ ಅವರು. ಆಗಲೂ ಇನ್ಸ್‌ಪೆಕ್ಷನ್ ಎಂದೇ ಬಂದು ಹೆಂಚು ಕಿತ್ತು, ಔಷಧಿ ಸುರಿದು, ಜ್ವರ ಬಂದವರನ್ನು ಶೆಡ್ಡಿಗೆ ಹೊತ್ತುಕೊಂಡು ಹೋಗಿದ್ದರು. ಬೆಳಗಾಗುವ ಹೊತ್ತಿಗೆ ವಳವೇ ಖಾಲಿ. ಚಾಪೆ, ಮಡಕೆ, ಮಕ್ಕಳು ಸಮೇತ ಎಲ್ಲರೂ ಹೊಲದ ಕಡೆ ಹೊರಟಿದ್ದರು. ಮಾರಪ್ಪನ್ ತನ್ನ ಅವ್ವನನ್ನು ಬೆನ್ನ ಮೇಲೆ ಹಾಕಿಕೊಂಡಿದ್ದ.

“ನೀವೆಲ್ಲ ಹೋದ್ರೆ ಅವ್ರು ಯಾರ್ನ ನೋಡ್ತಾರೆ? ಅಯ್ಯೋ, ನಿಂತ್ಕೊಳ್ರೋ!” ಬೆಳ್ಳಿಯಮ್ಮ ಬಾಯಿ ಬಡಿದುಕೊಂಡಳು. ಯಾರೂ ನಿಲ್ಲಲಿಲ್ಲ. ಅವಳೊಬ್ಬಳೇ ಉಳಿದಳು, ಕತ್ತಲೆ ತೋರಿಸಬೇಕಲ್ಲ.

ಕಮಿಟಿಯಿಂದ ಬಂದದ್ದು ಕೋಟು ತೊಟ್ಟ ಹಿರಿಯರೊಬ್ಬರು, ಜೊತೆಗೆ ಹೆಲ್ತ್ ಇನ್ಸ್‌ಪೆಕ್ಟರ್. (ಅವರು ಆಡಿದ್ದು ತಮಿಳು. ನಾನು ಕನ್ನಡದಲ್ಲಿ ಆಡಿಸುತ್ತಿದ್ದೇನೆ, ಸಹಿಸಿಕೊಳ್ಳಿ.)

“ಇಲ್ಲಿ ಎಷ್ಟು ಜನ ಇದ್ದೀರಿ?”

“ಐದ್ ಜನ ಸಾಮಿ.”

“ಎಲ್ಲಿ ಮಿಕ್ಕವರು?”

“ಹೊಲಕ್ಕೆ ಓಡೋಗವ್ರೆ.”

“ಯಾಕೆ?”

“ನಿಮಗೆ ಹೆದ್ರಿ.”

ಹಿರಿಯರು ನಕ್ಕರು. ಅಂಗಳದ ಮುಚ್ಚಿದ ಬಾಗಿಲುಗಳನ್ನೆಲ್ಲ ಒಮ್ಮೆ ನೋಡಿದರು. “ಕಾಣುವುದನ್ನು ಬರೆದುಕೊಳ್ಳಿ,” ಎಂದರು ಇನ್ಸ್‌ಪೆಕ್ಟರಿಗೆ. “ಕೋಣೆ ಒಂದು, ಹೆಂಗಸು ಒಬ್ಬಳು. ಒಬ್ಬಳಿಗೆ ಇಷ್ಟು ಗಾಳಿ ಧಾರಾಳವಾಯಿತು.”

“ಬಾಗ್ಲು ಮುಚ್ಚಿ ನೋಡಿ ಸಾಮಿ, ಒಂದ್ಸಲ ಮುಚ್ಚಿ ನೋಡಿ!”

“ಹಾಡುಹಗಲಲ್ಲಿ ಬಾಗಿಲು ಯಾಕಮ್ಮ ಮುಚ್ಚುತ್ತೀಯ?”

ಹೇಳು, ಹೇಳು ಎಂದು ನಾನು ಕಿವಿಯಲ್ಲಿ ಊದಿದೆ. ಪರಗಂಡಸರ ಮುಂದೆ ಹೆರಿಗೆಯ ಮಾತು ಹೇಗೆ ಆಡುವುದು? ಬೆಳ್ಳಿಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅವರು ಹೊರಟುಹೋದರು.

“ಹೇಳಬಹುದಿತ್ತಲ್ಲ,” ಎಂದೆ.

“ನಿಂಗ್ ನಾಚ್ಕೆ ಇಲ್ಲ, ನಂಗೈತೆ,” ಎಂದವಳು ರಾಟೆಯ ಮುಂದೆ ಕೂತು ಜೋರಾಗಿ ಅತ್ತಳು. ಮಗಳನ್ನು ತಾನೇ ಕೈಯಾರೆ ದೂರ ಮಾಡಿಕೊಂಡೆನಲ್ಲ ಎಂದು ಅತ್ತಳು. ತಾನೊಬ್ಬಳೇ ನಿಂತು ಆ ಕೋಣೆಗೆ ಗಾಳಿ ಸಾಕೆಂಬುದಕ್ಕೆ ಸಾಕ್ಷಿಯಾಗಿಬಿಟ್ಟೆನಲ್ಲ ಎಂದು ಅತ್ತಳು.

ಸಂಜೆ ಜನ ವಾಪಸು ಬಂದರು. ಮರುವಾರ ನಗರಸಭೆ ವಿಷಯವನ್ನು ಹೆಚ್ಚಿನ ಪರಿಶೀಲನೆಗೆ ಇಟ್ಟಿತು. “ಇನ್ನೂ ಯೋಚ್ನೆ ಮಾಡ್ತಾರಂತೆ,” ಎಂದ ನಂಜುಂಡನ್. “ಇರು.”

೬

ಇನ್ನು ಮುಕ್ತಾಯ. ಯಾವುದು ಬೇಕೋ ಆರಿಸಿಕೊಳ್ಳಿ.

ಒಂದು: ರೂಲ್ಸು ಬಂತು. ಅಳತೆಯ ಕಿಟಕಿ, ಬಾಗಿಲ ಮೇಲೆ ಲೈಸೆನ್ಸಿನ ತಗಡು, ಅದಕ್ಕೆ ತಕ್ಕ ಬಾಡಿಗೆ. ಗಾಳಿ ಬರುವ ಹೊತ್ತಿಗೆ ಆ ಕೋಣೆಯಲ್ಲಿ ಬೇರೆ ಯಾರೋ ಇದ್ದರು. (ಬೆಳ್ಳಿಯಮ್ಮ: “ಥೂ.”)

ಎರಡು: ರೂಲ್ಸು ಬರಲಿಲ್ಲ. ಚಂದ್ರಾ ಪಲ್ಲಡದಲ್ಲೇ ಸುಖವಾಗಿ ಹೆತ್ತಳು. (ಬೆಳ್ಳಿಯಮ್ಮ: “ಚೊಚ್ಚಲು ಅತ್ತೆಮನೇಲಾ? ನಾಕ್ ಜನದ ಮುಂದೆ ಮುಖ ಎತ್ಕೊಂಡ್ ಹೆಂಗೆ ಓಡಾಡ್ಲಿ?”)

ಮೂರು: ನಂಜುಂಡನ್ ಮನಸ್ಸು ಕರಗಿ ತಾನೇ ಗೋಡೆ ಒಡೆದ. ಇದಕ್ಕೆ ನಂಜುಂಡನ್ನೇ ಬಂದು ತಕರಾರು ತೆಗೆದ. “ನನ್ನ ಒಳ್ಳೆಯೋನ್ ಮಾಡಕ್ ಬರ್ಬೇಡಪ್ಪ. ಒಂದ್ ಕೋಣೆಗೆ ಒಡೆದ್ರೆ ಎಲ್ಲಾರ್ಗೂ ಒಡೀಬೇಕು.”

ನಾಲ್ಕನೆಯದನ್ನು ಯೋಚಿಸುತ್ತಿದ್ದೆ. ಆಗ ಚಂದ್ರಾ ಬಂದುಬಿಟ್ಟಳು.

ಯಾರು ಬರೆದರೋ ಕಾಣೆ, ನಾನಂತೂ ಅಲ್ಲ. ನಡುಮಧ್ಯಾಹ್ನ, ಕಂಕುಳಲ್ಲಿ ಗಂಟು, ಒಂದು ಕೈ ವಳವಿನ ಕಂಬದ ಮೇಲೆ. “ಅತ್ತೆಗೆ ಹೇಳ್ದೆ ಬಸ್ ಹತ್ತಿ ಬಂದ್ಬಿಟ್ಟೆ ಅವ್ವಾ. ನೀನಿಲ್ದೆ ನಂಗಾಗಲ್ಲ.” ಸೀರೆ ಆಗಲೇ ಒದ್ದೆಯಾಗಿತ್ತು. ಹಿಂದಕ್ಕೆ ಕಳಿಸುವ ಮಾತೇ ಇಲ್ಲ.

ಸೂಲಗಿತ್ತಿ ಕನ್ನಿಯಮ್ಮಾಳ್ ಓಡಿ ಬಂದಳು. ಒಲೆ ಉರಿಯಿತು, ನೀರು ಏರಿತು. ಬೆಳ್ಳಿಯಮ್ಮ ಬಾಗಿಲಿಗೆ ಬಂದು ನನ್ನನ್ನು ನೋಡಿದಳು, ನನ್ನ ಹೆಗಲ ಮೇಲಿಂದ ನಿಮ್ಮನ್ನೂ.

“ಏನ್ ನೋಡ್ತಾ ನಿಂತಿದ್ದೀರಿ? ಹೋಗಿ ಆ ಕಡೆ!”

ಬಾಗಿಲು ಹಾಕಿಕೊಂಡಳು.

೭

ಒಳಗೆ ಏನಾಗುತ್ತಿದೆ ಎಂದು ಹೇಳಬೇಕಾದವನು ನಾನು. ಇಣುಕಲು ಒಂದು ಕಿಟಕಿಯಾದರೂ ಬೇಡವೇ?

ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಒಳಗೆ ಮೂವರೂ ಕೆಮ್ಮುತ್ತಿದ್ದರು. ಮಿಲ್ಲಿನಿಂದ ಓಡಿ ಬಂದ ಮಾರಪ್ಪನ್ ಅಂಗಳದಲ್ಲಿ ಮಂಡಿಯ ನಡುವೆ ತಲೆ ಹುದುಗಿಸಿ ಕೂತಿದ್ದ. ಪಕ್ಕದಲ್ಲಿ ನಂಜುಂಡನ್, ಅವನ ಪಕ್ಕದಲ್ಲಿ ನಾನು. ಮೂವರು ಗಂಡಸರು, ಒಬ್ಬರಿಂದಲೂ ಏನೂ ಉಪಯೋಗವಿಲ್ಲ.

ಆಮೇಲೆ ಒಳಗಿನಿಂದ ಸದ್ದು ಬಂತು. ಧಡ್.

ನಂಜುಂಡನ್ ಎದ್ದು ನಿಂತ. “ನನ್ ಗೋಡೆ!”

ಧಡ್. ಚಂದ್ರಾ ಕಿರುಚಿದಳು. ಕನ್ನಿಯಮ್ಮಾಳ್ ಏನೋ ಕೂಗಿದಳು. ಮತ್ತೆ ಧಡ್.

ನಂಜುಂಡನ್ ಬಾಗಿಲಿಗೆ ಕಿವಿಯಿಟ್ಟ. “ಒನಕೇಲಿ ಒಡೆಯಕ್ಕಾಗಲ್ಲ ಅದು,” ಎಂದ ಮೆಲ್ಲಗೆ. ದನದ ಕೊಟ್ಟಿಗೆಗೆ ಒರಗಿಸಿಟ್ಟ ಹಾರೆಯ ಕಡೆ ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಪೆನ್ನು ನೋಡಿದ.

“ಬರೀಬೇಡ,” ಎಂದ. “ರೂಲ್ಸು ಇನ್ನೂ ಬಂದಿಲ್ಲ.”

ಪೆನ್ನು ಕೆಳಗಿಟ್ಟೆ. ಆಮೇಲಿನ ಧಡ್ ಸದ್ದು ಗೋಡೆಯ ಯಾವ ಕಡೆಯಿಂದ ಬಂತು ಎಂದು ನಾನು ಬರೆಯುವ ಹಾಗಿಲ್ಲ.